ಇಸ್ತ್ರಿ ಮಾಮ ಸುತ್ತು ಹಾಕಿದ ಪದಗಳು

ಒದ್ದೆ ಬಟ್ಟೆಯ ಮೇಲೆ ಬಿಸಿ ಇಸ್ತ್ರಿಪೆಟ್ಟಿಗೆ ಕೂತಾಗ ಒಂದು ವಾಸನೆ ಏಳುತ್ತದಲ್ಲ, ಕಳೆದ ವಾರ ಬಂಗಾರಪೇಟೆಯಲ್ಲಿ ಅದು ನನ್ನನ್ನು ಹಿಡಿದು ನಿಲ್ಲಿಸಿತು. ಕೋರ್ಟಿಗೆ ಹೊರಟಿದ್ದೆ. ಬಸ್ಸಿನ ನೂಕುನುಗ್ಗಲಿನಲ್ಲಿ ಕರಿ ಕೋಟು ಮುದ್ದೆಯಾಗಿತ್ತು. ರಸ್ತೆಬದಿಯ ಇಸ್ತ್ರಿ ಗಾಡಿಯ ಹೆಂಗಸಿನ ಕೈಗೆ ಕೊಟ್ಟು ನಿಂತೆ. ಆಕೆ ನೀರು ಚಿಮುಕಿಸಿ, ನಾಲ್ಕೇ ಎಳೆತದಲ್ಲಿ ಸುಕ್ಕು ಬಿಡಿಸಿ, ಮಡಚಬೇಡಿ ಅನ್ನುವಷ್ಟರಲ್ಲಿ ಮಡಚಿ, ನಡುವೆ ಹಳೆ ಪತ್ರಿಕೆಯ ಹಾಳೆಯೊಂದನ್ನು ಇಟ್ಟುಕೊಟ್ಟಳು. ನಾನು ಕೋಟು ತೊಡುವ ಮೊದಲು ಆ ಹಾಳೆ ತೆಗೆದು ಎರಡೂ ಕಡೆ ನೋಡಿದೆ.

"ಏನ್ ಮೇಡಂ, ಏನಾರಾ ಹುಡುಕ್ತಿದ್ದೀರಾ?" ಅಂದಳು. ಏನಿಲ್ಲ ಅಂದೆ. ಹತ್ತು ವರ್ಷದಿಂದ ಇದೇ ಚಾಳಿ. ಇಸ್ತ್ರಿಯಾದ ಬಟ್ಟೆ ಕೈಗೆ ಬಂದರೆ ಮೊದಲು ಕಾಗದ ನೋಡುತ್ತೇನೆ, ಯಾವುದಾದರೂ ಪದಕ್ಕೆ ಕಪ್ಪು ಪೆನ್ನಿನಲ್ಲಿ ಸುತ್ತು ಹಾಕಿದೆಯಾ ಅಂತ.

ಆಗ ನನಗೆ ಹದಿನೇಳು. ನಮ್ಮೂರು ಬೇತಮಂಗಲದ ಕಡೆ, ಎರಡು ಹಸು, ಒಂದಿಷ್ಟು ರಾಗಿಹೊಲ. ಪಿಯುಸಿ ಓದಲೆಂದು ಆಂಡರ್ಸನ್‌ಪೇಟೆಯ ಚಿಕ್ಕಮ್ಮನ ಮನೆಯಲ್ಲಿದ್ದೆ. ಹತ್ತನೇ ತರಗತಿವರೆಗೂ ಕನ್ನಡ ಮೀಡಿಯಂ. ಅದೇನು ಹುಚ್ಚೋ, ಲಾಯರಾಗಬೇಕು, ಅದೂ ದೊಡ್ಡ ಕಾಲೇಜಿನಲ್ಲೇ ಓದಬೇಕು ಎಂದು ತಲೆಗೆ ಹೊಕ್ಕಿತ್ತು. ಅದಕ್ಕೊಂದು ಪ್ರವೇಶ ಪರೀಕ್ಷೆ. ಅದರಲ್ಲಿ ಇಂಗ್ಲಿಷಿನ ಉದ್ದುದ್ದ ಗದ್ಯಗಳನ್ನು ಕೊಟ್ಟು, ಇಲ್ಲಿ ಈ ಪದಕ್ಕೆ ಏನರ್ಥ, ಬರೆದವನ ಧೋರಣೆ ಏನು ಎಂದೆಲ್ಲ ಕೇಳುತ್ತಾರೆ. ಭಾನುವಾರ ಬಂಗಾರಪೇಟೆಯ ಟ್ಯೂಷನ್ನಿನಲ್ಲಿ ಪದಗಳ ಪಟ್ಟಿ ಕೊಡುತ್ತಿದ್ದರು. ಬೆಳಿಗ್ಗೆ ಉರು ಹೊಡೆದದ್ದು ಮಧ್ಯಾಹ್ನದ ಸಾರು ಅನ್ನಕ್ಕೆ ಮರೆತಿರುತ್ತಿತ್ತು. ಮಾದರಿ ಪರೀಕ್ಷೆಗಳಲ್ಲಿ ಬೇರೆಲ್ಲ ಭಾಗ ಹೇಗೋ ದಾಟಿ, ಈ ಓದಿನ ಭಾಗದಲ್ಲಿ ಮುಗ್ಗರಿಸುತ್ತಿದ್ದೆ. ಈ ಸಲ ಸೀಟು ಸಿಗದಿದ್ದರೆ ಊರಿಗೆ ವಾಪಸ್ ಎಂದು ಅಪ್ಪ ಮೊದಲೇ ಹೇಳಿಬಿಟ್ಟಿದ್ದರು.

ಚಿಕ್ಕಮ್ಮನ ಬೀದಿಯ ಬೇವಿನ ಮರದ ಕೆಳಗೆ ಇಸ್ತ್ರಿ ಗಾಡಿ. ಗಾಡಿಯವರನ್ನು ಇಡೀ ಬೀದಿ ಇಸ್ತ್ರಿ ಮಾಮ ಅನ್ನುತ್ತಿತ್ತು. ತೆಳ್ಳಗೆ, ಎತ್ತರಕ್ಕೆ, ಸದಾ ಒಂದು ಭುಜ ತಗ್ಗಿಸಿಕೊಂಡು... ಇದ್ದಿಲ ಇಸ್ತ್ರಿಪೆಟ್ಟಿಗೆ ಎತ್ತಿ ಎತ್ತಿ ಹಾಗಾಗಿತ್ತೋ ಏನೋ. ಅವರಪ್ಪ ಚಿನ್ನದ ಗಣಿ ನಡೆಯುತ್ತಿದ್ದ ಕಾಲದಲ್ಲಿ ಚಾಂಪಿಯನ್ ರೀಫ್ಸಿನ ಆಫೀಸರುಗಳ ಬಟ್ಟೆ ಒಗೆಯುತ್ತಿದ್ದರಂತೆ. ಒಂದು ಬಂಗಲೆ ಖಾಲಿ ಮಾಡುವಾಗ ಯಾರೋ ಬಿಸಾಡಿದ್ದ ಇಂಗ್ಲಿಷ್ ಡಿಕ್ಷನರಿಯೊಂದು ಬಟ್ಟೆಗಂಟಿನ ಜೊತೆ ಮನೆಗೆ ಬಂದಿತ್ತು. ರಟ್ಟಿಲ್ಲ, ಎಸ್ ಅಕ್ಷರಕ್ಕೇ ಪುಟಗಳು ಮುಗಿದಿದ್ದವು. ಮಾಮ ಹುಡುಗನಾಗಿದ್ದಾಗಿಂದ ಅದನ್ನು ಓದಿದವರು. ಟಿ ಅಕ್ಷರದಿಂದಾಚೆ ನಂಗೆ ಇಂಗ್ಲಿಷ್ ಬರಕಿಲ್ಲ ಎಂದು ಅವರು ಗಂಭೀರವಾಗಿಯೇ ಹೇಳುತ್ತಿದ್ದರು. ಗುಜರಿ ಅಂಗಡಿಯಲ್ಲಿ ಹಳೆ ಕಾಗದ ತರುವಾಗ ಆರಿಸಿ ಆರಿಸಿ ಇಂಗ್ಲಿಷ್ ಪತ್ರಿಕೆಗಳನ್ನೇ ತರುತ್ತಿದ್ದರು. ಗಿರಾಕಿ ಇಲ್ಲದಾಗ ಓದಿ, ಆಮೇಲೆ ಬಟ್ಟೆಯ ಮಡಿಕೆಗೆ ಇಡುವುದು.

ಒಂದು ದಿನ ನಾನು ಚಿಕ್ಕಪ್ಪನ ಕಂಡಕ್ಟರ್ ಯೂನಿಫಾರಂ, ಬನಿಯನ್ ಇಸ್ತ್ರಿಗೆ ತಂದು, ಕಾಯುವಾಗ ಪಟ್ಟಿ ಹಿಡಿದು ಮಣಮಣ ಅನ್ನುತ್ತಿದ್ದೆ. ಫಾಸ್ಟಿಡಿಯಸ್, ಫಾಸ್ಟಿಡಿಯಸ್. ಮಾಮ ತಲೆ ಎತ್ತದೆ ಕೇಳಿದರು: "ಯಾರು?"

"ಯಾರು ಅಂದ್ರೆ ಏನು ಮಾಮ? ಅದು ಪದ."

"ಪದಕ್ಕೊಂದು ಮೈ ಬೇಕು ಕಣಮ್ಮಾ. ಮೈ ಇಲ್ದಿದ್ರೆ ಅದು ತಂತಿ ಮ್ಯಾಲೆ ನೇತಾಕಿದ್ ಅಂಗಿ, ಗಾಳಿ ಬಂದ್ರೆ ಓಯ್ತದೆ." ಆಮೇಲೆ ಕೈಯಲ್ಲಿದ್ದ ಬನಿಯನ್ ಎತ್ತಿ ತೋರಿಸಿದರು. ಅದು ಚಿಕ್ಕಪ್ಪನ ಬನಿಯನ್. ಬನಿಯನ್ನಿಗೂ ತೋಳಿನ ಗೆರೆ ನೆಟ್ಟಗೆ ಬರಬೇಕು, ಇಲ್ಲದಿದ್ದರೆ ವಾಪಸ್ ಕಳಿಸುತ್ತಾರೆ. "ನಿಮ್ ಚಿಕ್ಕಪ್ಪ ಫಾಸ್ಟಿಡಿಯಸ್ಸು. ಇನ್ ಮರೆಯಲ್ಲ, ನೋಡ್ತಿರು." ನಕ್ಕು ನಕ್ಕು ನನ್ನ ಕಣ್ಣಲ್ಲಿ ನೀರು ಬಂತು. ಎಲ್ಲದರಲ್ಲೂ ಕೊಂಕು ಹುಡುಕುವ, ಅತಿ ಅಚ್ಚುಕಟ್ಟಿನ ಮನುಷ್ಯ ಎಂಬ ಅರ್ಥದ ಆ ಪದವನ್ನು ಇವತ್ತಿಗೂ ಮರೆತಿಲ್ಲ.

ಅಲ್ಲಿಂದ ನಮ್ಮ ಆಟ ಶುರುವಾಯಿತು. ನನ್ನ ಕಾಲೇಜಿನ ಯೂನಿಫಾರಂ ಮಡಚುವಾಗ ಮಾಮ ಪತ್ರಿಕೆಯಲ್ಲಿ ಒಂದು ಪದಕ್ಕೆ, ಬಟ್ಟೆಗೆ ಗುರುತು ಹಾಕುವ ಕಪ್ಪು ಪೆನ್ನಿನಲ್ಲಿ ಸುತ್ತು ಹಾಕಿ ಒಳಗಿಡುತ್ತಿದ್ದರು. ಮನೆಗೆ ಹೋಗಿ ಬಿಚ್ಚಿ, ಅರ್ಥ ಹುಡುಕಿ, ಸುತ್ತಲ ಸಾಲು ಓದಿ, ಮಾರನೇ ದಿನ "ಯಾರು?" ಅಂದಾಗ ನಮ್ಮ ಬೀದಿಯಲ್ಲೇ ಒಬ್ಬರನ್ನು ತೋರಿಸಬೇಕು. ಆಸ್ಟೆಂಟೇಷಸ್ ಯಾರು? ಮೂಲೆಮನೆ ಆಂಟಿ. ರೇಷ್ಮೆ ಸೀರೆ ಇಸ್ತ್ರಿಯಾದ ಮೇಲೂ ಅರ್ಧ ದಿನ ಗಾಡಿಯ ಮೇಲೇ ಇರಲಿ, ಅಂಚು ಹೊರಗೆ ಕಾಣಲಿ ಅನ್ನುವವರು. ತಪ್ಪು ಹೇಳಿದರೆ ಮಾಮ ಒಪ್ಪುತ್ತಿರಲಿಲ್ಲ. ಜಿಪುಣ ಅನ್ನುವುದಕ್ಕೂ ಮಿತವಾಗಿ ಬದುಕುವವರು ಅನ್ನುವುದಕ್ಕೂ ಇರುವ ವ್ಯತ್ಯಾಸವನ್ನು ಕಾಲರಿನಲ್ಲಿ ಹೇಳಿಕೊಟ್ಟರು. ನಾಲ್ಕು ಮನೆ ಬಾಡಿಗೆಗೆ ಬಿಟ್ಟಿದ್ದ ಮಹಡಿಮನೆ ಯಜಮಾನರು ಸವೆದ ಕಾಲರನ್ನು ತಿರುವಿ ಹೊಲಿಸಿ ಹಾಕುತ್ತಿದ್ದರು. ನಲ್ಲಿ ಎದುರಿನ ಮನೆಯ ಅಮ್ಮನೂ ಮಗನ ಅಂಗಿಯ ಕಾಲರ್ ತಿರುವಿ ಹೊಲಿಯುತ್ತಿದ್ದರು. ಅವರ ಗಂಡ ಗಣಿಯ ದೂಳು ಕುಡಿದು ಎದೆ ಕೆಟ್ಟು ಮಲಗಿದ್ದರು, ಮಗ ಆ ಅಂಗಿಯಲ್ಲೇ ಕೆಲಸ ಕೇಳಲು ಹೋಗುತ್ತಿದ್ದ. "ಎಲ್ಡೂ ತಿರುವಿದ್ ಕಾಲರ್ರೇ. ಅವ್ರು ಸ್ಟಿಂಜಿ. ಈಯಮ್ಮ ಫ್ರೂಗಲ್," ಎಂದರು ಮಾಮ. ಎರಡನೇ ಪದ ಹೇಳುವಾಗ ಅವರ ದನಿ ತಗ್ಗಿತು. ಕಾಲರ್ ತಿರುವಿದ್ದು ಮಗನಿಗೇ ಗೊತ್ತಿರಲಿಲ್ಲವಂತೆ.

ಒಂದೇ ಒಂದು ಷರತ್ತು ಹಾಕಿದ್ದರು. "ಈ ಹೆಸ್ರುಗಳು ನಮ್ಮಿಬ್ರ ಬಾಯಲ್ಲೇ ಇರ್ಲಿ. ಬರ್ಕೋಬ್ಯಾಡ. ನಂಬ್ಕಂಡು ಬಟ್ಟೆ ಕೊಟ್ಟವ್ರೆ." ಆಯ್ತು ಮಾಮ ಅಂದಿದ್ದೆ.

ಬರೆದುಕೊಂಡೆ. ಮೊದಲ ದಿನದಿಂದಲೇ. ನನಗೆ ಬರೆಯದಿದ್ದರೆ ಏನೂ ನೆನಪಿರದು ಎಂಬ ಭಯ. ನೋಟ್ ಪುಸ್ತಕದ ಎಡಗಡೆ ಇಂಗ್ಲಿಷ್ ಪದ, ಬಲಗಡೆ ಕನ್ನಡದಲ್ಲಿ ಯಾರು, ಏಕೆ. ಫ್ರೂಗಲ್: ನಲ್ಲಿ ಎದುರಿನ ಮನೆ ಅಮ್ಮ, ಮಗನ ಕಾಲರ್. ಅಷ್ಟು ವಿವರವಾಗಿ ಬರೆದಿದ್ದೆ ಪಾಪಿ ನಾನು. ಮಾದರಿ ಪರೀಕ್ಷೆಯಲ್ಲಿ ನನ್ನ ಅಂಕ ಏರಿದ್ದು ಕಂಡು ಟ್ಯೂಷನ್ನಿನ ಗೆಳತಿಯೊಬ್ಬಳು ಅದು ಹೇಗೆ ಓದ್ತೀಯೇ ಎಂದಳು. ನನಗೋ ಜಂಬ. ನೋಟ್ ಪುಸ್ತಕ ಕೊಟ್ಟೆ. ಅವಳು ಮೊಬೈಲಿನಲ್ಲಿ ಎರಡು ಪುಟ ಫೋಟೊ ತೆಗೆದುಕೊಂಡು ಟ್ಯೂಷನ್ ಗುಂಪಿಗೆ ಹಾಕಿದಳು. ಕೆಟ್ಟ ಉದ್ದೇಶ ಅವಳಿಗಿರಲಿಲ್ಲ, ಓದುವ ಹೊಸ ಉಪಾಯ ಎಂದು ಖುಷಿಪಟ್ಟಿದ್ದಳು ಅಷ್ಟೇ. ಆ ಪುಟಗಳು ಎಷ್ಟು ಮೊಬೈಲು ದಾಟಿದವೋ... ನಾಲ್ಕನೇ ದಿನ ಮೂಲೆಮನೆ ಆಂಟಿಯ ಮೊಬೈಲಿಗೆ ಬಂದವು.

ಅವತ್ತು ಬೀದಿಗೆ ನೀರು ಬಿಟ್ಟಿದ್ದರು, ಎಲ್ಲರೂ ಬಿಂದಿಗೆ ಹಿಡಿದು ಹೊರಗೇ ಇದ್ದರು. ಆಂಟಿ ಮೊಬೈಲನ್ನು ಮಾಮನ ಮುಖಕ್ಕೆ ಹಿಡಿದರು. "ಏನಯ್ಯಾ ಇದು? ನಮ್ ಬಟ್ಟೆ ವಿಷ್ಯ ಊರಿಗೆಲ್ಲಾ ಡಂಗುರ ಸಾರ್ತೀಯಾ? ಯಾರು ಬರೆದಿದ್ದು ಇದ್ನ? ಯೋಳು!"

ನಾನು ಹತ್ತು ಹೆಜ್ಜೆ ದೂರದಲ್ಲಿ ಕೊಡ ಹಿಡಿದು ನಿಂತಿದ್ದೆ. ಮಾಮ ಕಣ್ಣು ಕಿರಿದು ಮಾಡಿ ಮೊಬೈಲ್ ನೋಡಿದರು. ತಮ್ಮದೇ ಮಾತುಗಳು, ನನ್ನ ದುಂಡು ಅಕ್ಷರದಲ್ಲಿ. ಒಂದು ಸಲ ನನ್ನ ಕಡೆ ನೋಡಿದರು. ಬೈಯುವ ನೋಟವಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಕಾಯುವ ನೋಟ ಅದು. ನಾನು ಬಾಯಿ ಬಿಡುತ್ತೇನೆಂದು ಕಾದರು. ನಾನು ಕೊಡದೊಳಗೆ ಏನೋ ಬಿದ್ದಿದೆಯೇನೋ ಎಂಬಂತೆ ಅದರೊಳಗೇ ನೋಡುತ್ತಿದ್ದೆ.

"ಯೋಳಿದ್ದು ನಾನೇ ಕಣಮ್ಮ," ಎಂದರು ಮಾಮ. "ಬರೆದೋರು ಯಾರಾದ್ರೇನು."

ಬೀದಿ ಕೂಗಾಡಿತು. ಮಹಡಿಮನೆ ಯಜಮಾನರು ತಮಿಳಿನಲ್ಲೂ ಕನ್ನಡದಲ್ಲೂ ಬೈದರು. ಅದೆಲ್ಲ ಮಾಮ ತಲೆ ತಗ್ಗಿಸಿ ಕೇಳಿಸಿಕೊಂಡರು. ನಲ್ಲಿ ಎದುರಿನ ಮನೆಯ ಅಮ್ಮ ಮಾತ್ರ ನೀರಿನ ಸಾಲು ಬಿಟ್ಟು ಬಂದರು, ಗಾಡಿಯ ಮೇಲಿದ್ದ ಬಟ್ಟೆಗಳಲ್ಲಿ ಮಗನ ಅಂಗಿ ಹುಡುಕಿದರು, ಇಸ್ತ್ರಿಯಾಗದ ಆ ಅಂಗಿಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಮನೆಗೆ ಹೋದರು. ಮಾಮ ಆಗ ಇಸ್ತ್ರಿಪೆಟ್ಟಿಗೆ ಕೆಳಗಿಟ್ಟರು. ಅವತ್ತು ಮತ್ತೆ ಎತ್ತಲಿಲ್ಲ.

ಮನೆಯಲ್ಲಿ ಚಿಕ್ಕಮ್ಮ ಕೇಳಿದರು. "ಲೇ, ಅದು ನಿಂದಲ್ಲ ತಾನೇ?"

"ನಂದಲ್ಲ ಚಿಕ್ಕಮ್ಮ," ಅಂದೆ.

ಪರೀಕ್ಷೆಗೆ ಹದಿನೈದು ದಿನವಿತ್ತು. ನಿಜ ಹೇಳಿದರೆ ಚಿಕ್ಕಮ್ಮ ಊರಿಗೆ ಅಟ್ಟುತ್ತಾರೆ, ಓದು ನಿಲ್ಲುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಪರೀಕ್ಷೆ ಮುಗಿದ ಮಾರನೇ ದಿನವೇ ಎಲ್ಲರೆದುರು ಒಪ್ಪಿಕೊಳ್ಳೋಣ ಎಂದೂ... ಚಿಕ್ಕಮ್ಮನಿಗೆ ನನ್ನ ಅಕ್ಷರ ಗೊತ್ತಿರಲಿಲ್ಲವೇ? ಗೊತ್ತಿತ್ತು ಎಂದೇ ಈಗ ಅನಿಸುತ್ತದೆ. ಅವರಿಗೂ ನನ್ನ ಸುಳ್ಳು ಬೇಕಾಗಿತ್ತು.

ಬೀದಿ ಬಟ್ಟೆ ಕೊಡುವುದನ್ನು ನಿಲ್ಲಿಸಿತು. ಚಿಕ್ಕಪ್ಪನ ಬನಿಯನ್ ಕೂಡ ಬೇರೆ ಕಡೆ ಹೋಯಿತು. ನಾನು ಕಾಲೇಜಿಗೆ ಸುತ್ತು ಬಳಸಿನ ದಾರಿ ಹಿಡಿದೆ. ವಾರದೊಳಗೆ ಬೇವಿನ ಮರದ ಕೆಳಗೆ ಗಾಡಿ ಇರಲಿಲ್ಲ, ಇದ್ದಿಲ ಬೂದಿ ಮಾತ್ರ ಇತ್ತು.

ಪರೀಕ್ಷೆ ಬರೆದೆ. ಓದಿನ ಭಾಗದಲ್ಲಿ ಒಂದೊಂದು ಗಟ್ಟಿ ಪದ ಎದುರಾದಾಗಲೂ ಅದರ ಹಿಂದೆ ನಮ್ಮ ಬೀದಿಯ ಒಂದೊಂದು ಮುಖ ಬಂದು ನಿಂತಿತು. ನಾನು ಸರಿಯುತ್ತರ ಗುರುತು ಮಾಡುತ್ತ ಹೋದೆ. ಸೀಟು ಸಿಕ್ಕಿತು. ಎಲ್ಲರ ಬಾಯಲ್ಲೂ ನನ್ನ ಹೊಗಳಿಕೆ. ಮೂಲೆಮನೆ ಆಂಟಿ ಬಂದು ಸಿಹಿ ತಿನ್ನಿಸಿದರು. ಒಪ್ಪಿಕೊಳ್ಳಬೇಕಾದ ದಿನ ಅದಾಗಿತ್ತು. ನಾನು ಲಡ್ಡು ತಿಂದೆ.

ಮಾಮ ಬಂಗಾರಪೇಟೆ ಸ್ಟೇಷನ್ ಹತ್ತಿರ ಗಾಡಿ ಹಾಕಿದ್ದಾರೆಂದು ತಿಳಿದು, ಕಾಲೇಜಿಗೆ ಹೊರಡುವ ಮುನ್ನ ಒಂದು ಬೆಳಿಗ್ಗೆ ಹೋದೆ. ಇಸ್ತ್ರಿಯ ನೆಪಕ್ಕೆ ಒಂದು ಚೂಡಿದಾರ್ ಹಿಡಿದಿದ್ದೆ. ಚಾಂಪಿಯನ್ ಸ್ಟೇಷನ್ನಿನಲ್ಲಿ ರೈಲು ಹತ್ತಿದಾಗಿನಿಂದ ಇಳಿಯುವವರೆಗೂ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿದ್ದೆ. ಅವರು ನನ್ನನ್ನು ನೋಡಿ, "ಬಾ ಯಮ್ಮಾ, ಸೀಟ್ ಸಿಕ್ತಾ?" ಅಂದರು.

"ಸಿಕ್ತು ಮಾಮ."

"ಒಳ್ಳೇದಾಯ್ತು. ಚೆನ್ನಾಗಿ ಓದು." ಅಷ್ಟೇ. ಚೂಡಿದಾರ್ ತೆಗೆದುಕೊಂಡು ಎಂದಿನ ಹಾಗೆ ನಿಧಾನವಾಗಿ, ಅಂಚು ಅಂಚಿಗೂ ಪೆಟ್ಟಿಗೆ ತಾಗಿಸಿ ಇಸ್ತ್ರಿ ಮಾಡಿದರು. ನಾನು ಎರಡು ಸಲ ಮಾಮ ಎಂದೆ. ಎರಡು ಸಲವೂ ಅವರು ಕೈ ನಿಲ್ಲಿಸಿ, ಏನು ಎಂಬಂತೆ ನೋಡಿದರು. ಏನಿಲ್ಲ ಎಂದೆ. ಆಮೇಲೆ ಯಾರೋ ಗಿರಾಕಿ ಬಂದರು, ನಾನು ಹೊರಟೆ. ರೈಲಿನಲ್ಲಿ ಕೂತು ಮಡಿಕೆ ಬಿಚ್ಚಿ ಕಾಗದ ನೋಡಿದೆ. ಇಂಗ್ಲಿಷ್ ಪತ್ರಿಕೆಯದೇ ಹಾಳೆ. ಪೂರ್ತಿ ಎರಡು ಪುಟ ಹುಡುಕಿದೆ. ಎಲ್ಲೂ ಸುತ್ತು ಇರಲಿಲ್ಲ.

ಮೂರು ವರ್ಷದ ಮೇಲೆ ಚಿಕ್ಕಮ್ಮ ಫೋನಿನಲ್ಲಿ ಊರ ಸುದ್ದಿಯೆಲ್ಲ ಹೇಳುತ್ತ, "ಆ ಇಸ್ತ್ರಿಯವ್ನು ಓಗ್ಬಿಟ್ನಂತೆ ಕಣೇ," ಎಂದರು. ನಾನು ಹೂಂ ಅಂದೆ. ಹಾಸ್ಟೆಲಿನ ಮೆಟ್ಟಿಲ ಮೇಲೆ ಎಷ್ಟು ಹೊತ್ತು ಕೂತಿದ್ದೆನೋ... ಅಳುವುದಕ್ಕೂ ನಾಚಿಕೆಯಾಯಿತು. ಆ ನೋಟ್ ಪುಸ್ತಕ ಈಗಲೂ ನನ್ನ ಬಳಿ ಇದೆ, ಸುಡಲು ಮನಸ್ಸು ಬಂದಿಲ್ಲ.

ಕಳೆದ ವಾರ, ಇಸ್ತ್ರಿಯಾದ ಕೋಟು ತೊಟ್ಟು ಕೋರ್ಟಿಗೆ ಹೋದೆ. ಅವತ್ತು ಕಟಕಟೆಯಲ್ಲಿ ಎದುರು ಪಕ್ಷದ ಸಾಕ್ಷಿಯಾಗಿ ಬೂದಿಕೋಟೆ ಕಡೆಯ ಒಬ್ಬ ಅಜ್ಜಿ. ಮಗಳಿಗೆ ಬರೆದಿದ್ದ ಒಂದು ಹಳೆಯ ಕಾಗದ, ಅವರ ಕಡೆಗೇ ತೊಂದರೆ ತರುವಂಥದ್ದು. ಅದನ್ನು ಅವರ ಮುಂದೆ ಹಿಡಿದು ಕೇಳುವ ಕೆಲಸ ನನ್ನದು. "ಇದನ್ನು ಬರೆದದ್ದು ಯಾರು?" ಎಂದೆ. ಕೇಳಿದ ಮೇಲೆ ನನ್ನ ದನಿ ನನಗೇ ಮೂಲೆಮನೆ ಆಂಟಿಯ ದನಿಯ ಹಾಗೆ ಕೇಳಿಸಿತು. ಅಜ್ಜಿ ತಡವರಿಸುತ್ತಾರೆ, ನೆಲ ನೋಡುತ್ತಾರೆ, ನನ್ನದಲ್ಲ ಅನ್ನುತ್ತಾರೆ ಎಂದುಕೊಂಡಿದ್ದೆ. ಮುಂದಿನ ಪ್ರಶ್ನೆಯನ್ನೂ ಸಿದ್ಧ ಮಾಡಿಕೊಂಡಿದ್ದೆ.

ಅಜ್ಜಿ ಕಾಗದವನ್ನು ಕಣ್ಣ ಹತ್ತಿರ ತಂದು ನೋಡಿದರು. "ನಂದೇ ಕಣಮ್ಮ," ಎಂದರು. "ನಾನೇ ಬರೆದಿದ್ದು."

ಇಷ್ಟೇ ಮಾತು. ನ್ಯಾಯಾಧೀಶರು ಎರಡು ಸಲ ಮುಂದುವರಿಸಿ ಎನ್ನಬೇಕಾಯಿತು. ನಾನು ಇಸ್ತ್ರಿಯ ಗೆರೆ ಇನ್ನೂ ಮಾಸದ ಕೋಟಿನ ತುದಿ ಹಿಡಿದುಕೊಂಡು, ಅವತ್ತು ಇಡೀ ಬೀದಿಯೆದುರು ಕೊಡ ಹಿಡಿದು ನಿಂತ ಹಾಗೆಯೇ ನಿಂತಿದ್ದೆ.