ಮಲ್ಲಿಕಾಂಬನ ರಜೆ

ವರ್ಷಕ್ಕೊಮ್ಮೆ ರಜೆಗೆಂದು ಸಖರಾಯಪಟ್ಟಣದ ಹತ್ತಿರದ ಕಾಟೇಜಿಗೆ ಹೊರಟರೆ ಮಲ್ಲಿಕಾಂಬನ ಜೊತೆ ಮೊಸರಿನ ಹೆಪ್ಪೂ ಪಾತ್ರೆ ಉಜ್ಜುವ ನಾರೂ ಹೊರಡುತ್ತವೆ. ಬಸ್ಸಿನಿಂದ ಇಳಿಯುವಾಗಲೇ "ರೀ, ಗ್ಯಾಸ್ ಆಫ್ ಮಾಡಿದ್ನಾ?" ಎನ್ನುತ್ತಾಳೆ. "ಆರಾಮಾಗಿರು ಕಣೇ" ಎನ್ನುವ ಗಂಡ ರಾಜಶೇಖರ್ ಅದೇ ಉಸಿರಿನಲ್ಲಿ ಕಾಫಿ ಕೇಳುತ್ತಾನೆ. ಬೆಳಗ್ಗೆ ಯಾರೂ ಮಲಗಿರಲೇ ಇಲ್ಲವೆಂಬಂತೆ ರಗ್ಗು ಮಡಿಸಿ, ಬಚ್ಚಲು ತೊಳೆದು, ಕಾಟೇಜಿನ ಕೆಲಸದ ಭಾಗಮ್ಮ ಬರುವ ಮೊದಲೇ ಅಂಗಳವನ್ನೂ ಗುಡಿಸಿಬಿಡುತ್ತಾಳೆ. "ಎಂಥಾ ಹೆಂಗಸೋ ಏನೋ" ಅಂತ ಆಕೆ ಅಂದುಬಿಟ್ಟರೆ ಎಂಬ ಭಯ. ಈ ಸಲ ಭಾಗಮ್ಮ ಪೊರಕೆ ಹಿಡಿದು ಬಾಗಿಲಲ್ಲೇ ನಿಂತಳು: "ಅಮ್ಮಾರೆ, ಎಲ್ಲಾ ನೀವೇ ಮಾಡಿಟ್ರೆ ಓನರ್ರು ನನ್ನ ಯಾಕೆ ಇಟ್ಕೋತಾರೆ?" ಅವತ್ತು ತಿಂಡಿ ತಿಂದ ತಟ್ಟೆಯನ್ನು ಮಲ್ಲಿಕಾಂಬ ಹಾಗೇ ಬಿಟ್ಟು ಎದ್ದಳು. ಭಾಗಮ್ಮ ಅದನ್ನು ತೊಳೆದಿಡುವವರೆಗೂ ಜಗಲಿಯಲ್ಲಿ, ತನ್ನ ಎರಡೂ ಕೈಗಳನ್ನು ತೊಡೆಯಡಿ ಅದುಮಿಕೊಂಡು ಕೂತಿದ್ದಳು.