ಲೇಬಲ್ ಮಾತ್ರ ಕೀಳಬೇಡಿ

ನನ್ನ ಸೋದರಮಾವನಿಗೆ ಅಚ್ಚುಕಟ್ಟಿನ ಹುಚ್ಚು. ಗಿರಾಕಿಗಳ ಹಳೆಯ ಕ್ಯಾಸೆಟ್ಟುಗಳನ್ನು ಸಿಡಿಗೆ ಇಳಿಸಿಕೊಡುವುದು ಅವನ ಕಸುಬು. ಬೋಳು ಸಿಡಿ ಕೊಟ್ಟು ಕಳಿಸಿದರೆ ಅವನಿಗೆ ಉಂಡ ಅನ್ನ ಅರಗುತ್ತಿರಲಿಲ್ಲ. ಬಣ್ಣದ ಕಾಗದದಲ್ಲಿ ಗಿರಾಕಿಯ ಫೋಟೋ ಮುದ್ರಿಸಿ, ದುಂಡಗೆ ಕತ್ತರಿಸಿ, ಗೋಂದು ಬಳಿದು, ಗುಳ್ಳೆ ಏಳದಂತೆ ಉಜ್ಜಿ ಉಜ್ಜಿ ಅಂಟಿಸಬೇಕು. "ನೂರು ವರ್ಷ ಬಾಳುತ್ತೆ, ಹೋಗ್ಬನ್ನಿ" ಎಂದು ಹರಸಿ ಕಳಿಸುತ್ತಿದ್ದ. ಸಿಡಿ ಬರುತ್ತಿದ್ದ ಡಬ್ಬಿಯ ಮೇಲೆಯೇ ಹಾಗೆ ಬರೆದಿತ್ತು, ನಂಬದೆ ಏನು ಮಾಡಿಯಾನು? ಬೀದಿಯವರೆಲ್ಲ ಅವನನ್ನು 'ನೂರ್ವರ್ಷ' ಎಂದೇ ಕರೆಯುತ್ತಿದ್ದರು.

ನೂರೆಲ್ಲಿ ಬಂತು? ಹತ್ತು ಹದಿನೈದು ವರ್ಷಕ್ಕೇ ಒಂದೊಂದಾಗಿ ಕೈಕೊಟ್ಟವು. ಕೆಲವು ಬಿಸಿಲಿಗೆ, ಕೆಲವು ತೇವಕ್ಕೆ, ಮಿಕ್ಕವು ನಮ್ಮ ಮಾವನ ಗೋಂದಿಗೆ. ಸಿಡಿಯಲ್ಲಿ ತುಂಬಿದ್ದೆಲ್ಲ ಕೂತಿರುವುದು ಲೇಬಲ್ ಅಂಟಿಸುವ ಮೈಯ ಅಡಿಯಲ್ಲೇ, ಉಗುರು ತಾಗಿದರೂ ಕೆಡುವಷ್ಟು ತೆಳ್ಳಗೆ. ಇದು ಗೊತ್ತಾದ ದಿನ ಮಾವ ತಲೆಯ ಮೇಲೆ ಕೈ ಹೊತ್ತು ಕುಳಿತ. "ಅತಿಯಾದ್ರೆ ಅಮೃತನೂ ವಿಷ, ನಾನು ಆಗಲೇ ಹೇಳಿದ್ದೆ" ಎಂದರು ಅತ್ತೆ. ಅವರು ಯಾವತ್ತೂ ಹಾಗೆ ಹೇಳಿರಲಿಲ್ಲ.

ಕಳೆದ ತಿಂಗಳು ನಾನು ಮಾವನ ಅಂಗಡಿಯಲ್ಲಿದ್ದಾಗ ಬಸ್ ನಿಲ್ದಾಣದ ಹಳೆಯ ಅನೌನ್ಸರ್ ಹೆಂಡತಿಯೊಡನೆ ಬಂದರು. ಗಂಟಲಿನ ಆಪರೇಷನ್ ಆಗಿ ಅವರ ದನಿ ಹೋಗಿ ಎಷ್ಟೋ ವರ್ಷವಾಯಿತು. ಆಪರೇಷನ್ನಿನ ಹಿಂದಿನ ದಿನ ಅವರು ಇದೇ ಅಂಗಡಿಯಲ್ಲಿ ಕೂತು ಆಡಿದ ಮಾತನ್ನು ಮಾವ ಸಿಡಿಗೆ ತುಂಬಿಕೊಟ್ಟಿದ್ದ. ಅದನ್ನು ಕೇಳುವ ಧೈರ್ಯ ಹೆಂಡತಿಗೆ ಈಗಷ್ಟೇ ಬಂದಿತ್ತು. ಸಿಡಿ ಓಡಲಿಲ್ಲ. ಇನ್ನೊಂದು ಪ್ರತಿ ಎಲ್ಲೂ ಇರಲಿಲ್ಲ.

"ಈ ಕಾಗದ ಅಂಚಲ್ಲಿ ಎದ್ದಿದೆ ನೋಡಪ್ಪ, ಅದಕ್ಕೇ ಸಿಕ್ಕಾಕೊಳ್ತಿದೆ" ಎನ್ನುತ್ತ ಆಕೆ ಅಂಚಿಗೆ ಉಗುರು ಹಾಕಿದರು.

"ಅಕ್ಕಾ, ಲೇಬಲ್ ಮಾತ್ರ ಕೀಳಬೇಡಿ!" ಮಾವ ಕೂಗಿದ್ದು ಕೇಳಿ ಪಕ್ಕದ ಅಂಗಡಿಯವನು ಇಣುಕಿದ. "ಕಿತ್ರೆ ಅಣ್ಣನ ದನಿನೂ ಕಾಗದದ ಜೊತೆ ಎದ್ದು ಬಂದ್ಬಿಡುತ್ತೆ."

ಆಕೆ ಬೆಂಕಿ ಮುಟ್ಟಿದವರಂತೆ ಕೈ ಎಳೆದುಕೊಂಡರು. ಅನೌನ್ಸರ್ ಕುರ್ಚಿಯ ತುದಿಗೆ ಬಂದರು.

ಮಾವ ಸಿಡಿಯನ್ನು ಬೆಳಕಿಗೆ ಹಿಡಿದು ನೋಡಿದ. ಕಾಗದ ಒಣಗಿ ಮುದುಡಿ ಸಿಡಿಯನ್ನು ಬಗ್ಗಿಸಿತ್ತು. ಜೋರಾಗಿ ತಿರುಗಿಸಿದರೆ ಓಲಾಡುತ್ತದೆ, ಯಂತ್ರಕ್ಕೆ ಓದಲಾಗುವುದಿಲ್ಲ. ಅಟ್ಟದಿಂದ ಹಳೆಯ ಸಿಡಿ ಡ್ರೈವ್ ಇಳಿಸಿ, ವೇಗವನ್ನು ಎಲ್ಲಕ್ಕಿಂತ ಕಡಿಮೆಗೆ ಇಟ್ಟ. "ಮೊದ್ಲು ಕಂಪ್ಯೂಟರಿಗೆ ಇಳಿಸ್ಕೊಳ್ಳೋಣ, ಆಮೇಲೆ ಕೇಳೋಣ. ನಿಧಾನವೇ ಪ್ರಧಾನ." ಜೀವಮಾನದಲ್ಲಿ ಒಂದು ಲೋಟ ನೀರನ್ನೂ ನಿಧಾನವಾಗಿ ಕುಡಿದವನಲ್ಲ!

ಡ್ರೈವ್ ಗೊರಗೊರ ಎಂದಿತು, ನಿಂತಿತು, ಮತ್ತೆ ಗೊರಗುಟ್ಟಿತು. ಪರದೆಯ ಮೇಲಿನ ಹಸಿರು ಗೆರೆ ಅರ್ಧಕ್ಕೆ ಬಂದು ಅಲ್ಲೇ ಕೂತಿತು. ಮಾವನ ಮುಖ ನೋಡಲಾಗಲಿಲ್ಲ. ಗೋಂದು ಕಂಡುಹಿಡಿದವನನ್ನು ನಾನು ಮನಸ್ಸಿನಲ್ಲೇ ಬೈದೆ. ಆಮೇಲೆ ಗೆರೆ ಮೆಲ್ಲಗೆ ತೆವಳಿ ತುದಿ ಮುಟ್ಟಿತು.

"ಸದ್ಯ!" ಎಂದ ಮಾವ. ನಮಗೆಲ್ಲ ಹೋದ ಜೀವ ಬಂದಂತಾಯಿತು. ಮೂರು ಕಡೆ ನಕಲು ತೆಗೆದಿಟ್ಟ ಮೇಲೆಯೇ ಅವನು ಸ್ಪೀಕರ್ ಹಾಕಿದ.

"ಪ್ರಯಾಣಿಕರ ಗಮನಕ್ಕೆ" ಎಂದಿತು ಬಸ್ ನಿಲ್ದಾಣವನ್ನೇ ತುಂಬುತ್ತಿದ್ದ ಆ ದನಿ. "ನಾಳೆಯಿಂದ ಈ ದನಿ ಸಂಚಾರ ನಿಲ್ಲಿಸುತ್ತಿದೆ. ಲೇ ಇವಳೇ, ಇನ್ನು ಜಗಳದಲ್ಲಿ ನೀನೇ ಗೆಲ್ತೀಯ ಅಂತ ಹಿಗ್ಗಬೇಡ. ಅಡಿಗೆಗೆ ಉಪ್ಪು ಜಾಸ್ತಿ ಆದ್ರೆ ಮುಖ ಸಿಂಡರಿಸೋಕೆ ದನಿ ಏನೂ ಬೇಕಾಗಿಲ್ಲ."

ಆಕೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಕಣ್ಣಲ್ಲಿ ನೀರು ಸುರಿಯುತ್ತಲೇ ಇತ್ತು. "ಇನ್ನೊಂದ್ಸಲ ಹಾಕಪ್ಪ" ಎಂದರು.

ಮಾವ ಮತ್ತೆ ಹಾಕಿದ. ಅನೌನ್ಸರ್ ಎದ್ದು ಬಂದು ಅವನ ಕೈ ಹಿಡಿದು ತಮ್ಮ ಎದೆಗೆ ಒತ್ತಿಕೊಂಡರು. ಅವರ ಬಾಯಿಂದ ಸದ್ದು ಬರಲಿಲ್ಲ. ಆದರೆ ಅವರು ಹೊಟ್ಟೆ ತುಂಬ ನಗುತ್ತಿರುವುದು ಮಾವನ ಅಂಗೈಗೆ ಗೊತ್ತಾಗುತ್ತಿತ್ತು.