ನದಿ ಹೆಪ್ಪುಗಟ್ಟುವ ಮೊದಲು

ಉತ್ತರದ ಹಿಮನಾಡು ಯಕೂತಿಯಾದಲ್ಲಿ ಲಾರಿ ಚಾಲಕ ನ್ಯುರ್ಗುನ್ ಎಂದಿನಂತೆ ಲಾರಿಯಡಿ ಕೆಂಡದ ತಟ್ಟೆ ಸರಿಸಿದ. ಚಳಿಗೆ ಗೇರ್‌ಬಾಕ್ಸಿನ ಎಣ್ಣೆ ಅಂಟಿನಂತಾಗಿತ್ತು. ಕಾಯಿಸದೆ ಗೇರು ಹಾಕಿದರೆ ಹಲ್ಲು ಮುರಿಯುತ್ತದೆ. ಅಲ್ಲಿನ ವಾಡಿಕೆಯಂತೆ ಕೆಂಡಕ್ಕೆ ಗೋಧಿ ದೋಸೆಯ ಚೂರು ಹಾಕಿ, “ಅಗ್ನಿಯಜ್ಜಾ, ದಾರಿ ಬಿಡು” ಎಂದು ಬೇಡಿದ.

ಪಕ್ಕದ ಮನೆಯ ಮುದುಕಿ ಮಾವ್ರಾ ನಕ್ಕಳು. “ನದಿ ಇನ್ನೂ ಗಟ್ಟಿಯಾಗಿಲ್ಲ, ಎಲ್ಲಿಗೋ ಹೊರಟೆ? ಹೆಂಡ್ತಿಗೆ ಒಂದಿನಾದ್ರೂ ಹೀಗೆ ಶಾಖ ಕೊಟ್ಟಿದ್ಯಾ?”

“ಕೊಡೋಕೆ ಅವಳು ಇಲ್ಲಿರ್ಬೇಕಲ್ಲಜ್ಜಿ!” ಎಂದು ಸಿಡುಕಿದ.

ಹೆಂಡತಿ ದಾರಿಯಾ ಆಚೆ ದಡದ ಆಸ್ಪತ್ರೆಯಲ್ಲಿ ನರ್ಸು. ನೀರಲ್ಲಿ ಮಂಜುಗಡ್ಡೆ ತೇಲತೊಡಗಿ ದೋಣಿ ಸಂಚಾರ ಆಗಲೇ ನಿಂತಿತ್ತು. ನದಿ ಹೆಪ್ಪುಗಟ್ಟಿ ಲಾರಿಯ ಭಾರ ಹೊರುವವರೆಗೆ ಅವಳ ಮುಖ ಕಾಣುವಂತಿರಲಿಲ್ಲ.

ಎಣ್ಣೆ ಕರಗಿ ಗೇರು ಸಲೀಸಾಗಿ ಬಿತ್ತು. ನದಿ ಗಟ್ಟಿಯಾದ ದಿನಕ್ಕೆ ಲಾರಿ ಸಿದ್ಧವಿರಲೆಂದು ಅಂಗಳದಲ್ಲೇ ಒಂದು ಸುತ್ತು ಹಾಕಿ ಇಳಿದ. ಬೆರಳು ಮರಗಟ್ಟಿದ್ದರೂ ನದಿಯತ್ತ ತಿರುಗಿ ಗದರಿದ: “ಏ ಚಳಿ, ಇಷ್ಟೇನಾ ನಿನ್ ತಾಕತ್ತು? ಇನ್ನೂ ಜೋರಾಗಿ ಬಾ!”